ಹನ್ನೊಂದನೇ ಮಹಡಿಯ ಗಂಟು

ಹಿಂದಿನ ಗೇಟಿನಲ್ಲಿ ಬೆಳಗ್ಗೆ ಆರೂವರೆಗೆ ಸಾಲು ನಿಲ್ಲುತ್ತದೆ. ಮುಂದಿನ ಗೇಟು ಕಾರುಗಳಿಗೆ, ನಾಯಿಗಳಿಗೆ, ಮನೆಯವರಿಗೆ. ಹಿಂದಿನದು ಕಸದ ಗಾಡಿಗೆ, ಸಿಲಿಂಡರಿಗೆ, ಕೆಲಸದವರಿಗೆ. ಐವತ್ತು ಅರವತ್ತು ಹೆಂಗಸರು. ಒಬ್ಬೊಬ್ಬರ ಮುಖಕ್ಕೂ ಸೆಕ್ಯುರಿಟಿಯವನು ಫೋನು ಹಿಡಿಯಬೇಕು. ಫೋನು ಹಸಿರಾದರೆ ಒಳಗೆ, ಕೆಂಪಾದರೆ ಮನೆಗೆ. ಸಂಜೆ ಹೋಗುವಾಗ ಚೀಲ ತಲೆಕೆಳಗು ಮಾಡಿ ತೋರಿಸಬೇಕು.

ಆ ಸಾಲಿನಲ್ಲಿ ಬಾಯಕ್ಕ ಇದ್ದಾಳೋ ಇಲ್ಲವೋ ಎಂಬುದು ರಸ್ತೆಯ ಆ ಬದಿಯಿಂದಲೇ ತಿಳಿಯುತ್ತಿತ್ತು. ಸಾಲು ನಗುತ್ತಿದ್ದರೆ ಇದ್ದಾಳೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ಹಾಗೆ. ಆರು ಮನೆಯ ಪಾತ್ರೆ, ಆರು ಮನೆಯ ನೆಲ. ಮೊಣಕಾಲು ಹೋಗಿತ್ತು. ಬೆರಳ ಸಂದಿಯ ಚರ್ಮ ಸೋಪಿಗೆ ಸುಲಿದಿತ್ತು. ಬಾಯಿ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ.

ಸೆಕ್ಯುರಿಟಿಯವನಿಗೆ ರೂಲ್ಸ್ ಎಂದರೆ ಪ್ರಾಣ. ಮೇಲಿನ ಬಾಲ್ಕನಿಗಳಿಂದ ಏನೇ ಬಿದ್ದರೂ ಅದನ್ನು ಪುಸ್ತಕದಲ್ಲಿ ಬರೆದು, ಮನೆ ನಂಬರಿನ ಚೀಟಿ ಕಟ್ಟಿ, ಗೇಟಿನ ಪಕ್ಕದ ಕೊಕ್ಕೆಗೆ ನೇತುಹಾಕುತ್ತಿದ್ದ. ಮನೆಯವರೇ ಬಂದು ಸಹಿ ಹಾಕಿ ತೆಗೆದುಕೊಂಡು ಹೋಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಒಂಟಿ ಕಾಲುಚೀಲವೊಂದು ಎಂಟು ತಿಂಗಳಿಂದ ನೇತಾಡುತ್ತಿತ್ತು. ಅದರ ಧೂಳನ್ನೂ ಆಗಾಗ ಕೊಡವುತ್ತಿದ್ದ, ಪುಣ್ಯಾತ್ಮ.

ಈಗ ಗುಬ್ಬಿಯ ವಿಷಯಕ್ಕೆ ಬರೋಣ. ಗುಬ್ಬಿ ಬಾಯಕ್ಕನ ಅಕ್ಕನ ಮಗಳು. ಇಪ್ಪತ್ತು ವರ್ಷ. ಚಿಕ್ಕಮ್ಮನ ಬಾಯಿಯಲ್ಲಿ ಕಾಲು ಭಾಗವೂ ಅವಳಿಗೆ ಬಂದಿರಲಿಲ್ಲ. ನಾಲ್ಕನೇ ಕಟ್ಟಡದ ಹನ್ನೊಂದನೇ ಮಹಡಿ, ಎಡಗಡೆ ಮನೆಯಲ್ಲಿ ಕೆಲಸಕ್ಕಿದ್ದಳು. ಕೆಲಸದವರು ಅಮ್ಮಂದಿರನ್ನು ಮಹಡಿಯ ಲೆಕ್ಕದಲ್ಲೇ ಕರೆಯುವುದರಿಂದ ಆ ಮನೆಯ ಒಡತಿ ಹನ್ನೊಂದರಮ್ಮ.

ಒಂದು ದಿನ ಹನ್ನೊಂದರಮ್ಮನ ಉಂಗುರ ಕಾಣಲಿಲ್ಲ. ಹುಡುಕಲಿಲ್ಲ, ಕೇಳಲಿಲ್ಲ. ಗುಬ್ಬಿ ಹಿಂದಿನ ಬಾಲ್ಕನಿಯಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಗಾಜಿನ ಬಾಗಿಲು ಎಳೆದು ಒಳಗಿನಿಂದ ಚಿಲಕ ಹಾಕಿದರು. ಹೊತ್ತು ಒಂಬತ್ತು. ಬೇಸಿಗೆ. ಬಾಲ್ಕನಿ ಪೂರ್ವಕ್ಕೆ. ಗುಬ್ಬಿ ಗಾಜು ತಟ್ಟಿ ನೀರು ಕೇಳಿದಳು. ಹನ್ನೊಂದರಮ್ಮ ಪರದೆ ಎಳೆದರು. ಒಂಬತ್ತರಿಂದ ಒಂದರ ತನಕ ಗುಬ್ಬಿ ಅಲ್ಲಿ ನಿಂತಳು. ನೆಲ ಒರೆಸುವ ಬಟ್ಟೆಯನ್ನೇ ಬಕೀಟಿನ ಕೊಳೆ ನೀರಲ್ಲಿ ಅದ್ದಿ ತಲೆ ಮೇಲೆ ಹಾಕಿಕೊಂಡಳು. ತಡೆಯಲಾಗದೆ ಕೊನೆಗೆ ಮೂಲೆಯ ಮೋರಿಯಲ್ಲೇ ಕೂತಳು. ಎದುರು ಕಟ್ಟಡದಲ್ಲಿ ಒಬ್ಬ ಕಾಫಿ ಕುಡಿಯುತ್ತ ನೋಡುತ್ತಿದ್ದ.

ಉಂಗುರ ಸಿಕ್ಕಿತು. ಎಲ್ಲಿ? ಹನ್ನೊಂದರಮ್ಮ ಕುಂಡಕ್ಕೆ ಮಣ್ಣು ಹಾಕುವಾಗ ತೊಟ್ಟಿದ್ದ ರಬ್ಬರ್ ಕೈಗವಸಿನ ಬೆರಳಿನೊಳಗೆ. ಚಿಲಕ ತೆಗೆದು, ಸಿಕ್ತು, ಹೋಗಿ ಪಾತ್ರೆ ಮುಗಿಸು ಅಂದರು. ಅಷ್ಟೇ. ಗುಬ್ಬಿ ಪಾತ್ರೆ ಮುಗಿಸಿಯೇ ಬಂದಳು. ಇದನ್ನು ನೆನೆಸಿಕೊಂಡಾಗಲೆಲ್ಲ ಬಾಯಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮಾರನೇ ಬೆಳಗ್ಗೆ ಗೇಟಿನಲ್ಲಿ ಗುಬ್ಬಿಯ ಮುಖಕ್ಕೆ ಫೋನು ಕೆಂಪಾಯಿತು. ಮನೆಯವರಿಗೆಲ್ಲ ಒಂದು ಆ್ಯಪ್ ಇತ್ತು. ಕೆಲಸದವರ ಫೋಟೋ ಹಾಕಿ ನಕ್ಷತ್ರ ಕೊಡುವುದು, ತಡವಾಗಿ ಬರುತ್ತಾಳೆ, ಬೆವರು ವಾಸನೆ, ಮಾತು ಜಾಸ್ತಿ ಎಂದೆಲ್ಲ ಬರೆಯುವುದು. ಮಾತು ಜಾಸ್ತಿ ಎಂದಿದ್ದದ್ದು ಯಾರ ಬಗ್ಗೆ ಎಂದು ಹೇಳಬೇಕಾಗಿಲ್ಲ. ಗುಬ್ಬಿಯನ್ನು ಬಾಲ್ಕನಿಯಲ್ಲಿ ಕೂಡಿಹಾಕಿದ ಹತ್ತು ನಿಮಿಷಕ್ಕೇ ಹನ್ನೊಂದರಮ್ಮ ಅವಳ ಫೋಟೋ ಹಾಕಿ, ‘ಕಳ್ಳಿ. ಎಚ್ಚರ.’ ಎಂದು ಬರೆದಿದ್ದರು. ಉಂಗುರ ಸಿಕ್ಕ ಮೇಲೆ ಅಳಿಸಲಿಲ್ಲ. ಗುಬ್ಬಿ ಗೇಟಿನಿಂದ ಫೋನು ಮಾಡಿ ಕೇಳಿದ್ದಕ್ಕೆ, ಈಗ ಅಳಿಸಿದರೆ ಜನ ಏನಂದುಕೊಳ್ತಾರೆ, ಸ್ವಲ್ಪ ದಿನ ಹೋದರೆ ಎಲ್ಲರಿಗೂ ಮರೆತುಹೋಗುತ್ತೆ ಬಿಡು ಅಂದರು. ಜನಕ್ಕೆ ಮರೆತುಹೋಗಬಹುದು. ಫೋನಿಗೆ ಮರೆವು ಎಲ್ಲಿಯದು? ಹದಿನಾಲ್ಕು ಕಟ್ಟಡಗಳಲ್ಲಿ ಒಂದರ ಬಾಗಿಲೂ ಗುಬ್ಬಿಗೆ ತೆರೆಯದಾಯಿತು. ಮನೆಯ ಮೂಲೆಯಲ್ಲಿ ಮೊಣಕಾಲಿಗೆ ಮುಖ ಕೊಟ್ಟು ಕೂತುಬಿಟ್ಟಳು. ಬೀದಿಯ ನಲ್ಲಿಗೂ ಹೋಗುತ್ತಿರಲಿಲ್ಲ, ಅಲ್ಲೂ ಯಾರಾದರೂ ಆ ಮಾತು ಅಂದಾರು ಎಂದು.

ಬಾಯಕ್ಕ ನೆಟ್ಟಗೆ ಹೋದದ್ದು ಜೆರಾಕ್ಸ್ ಅಕ್ಕನ ಅಂಗಡಿಗೆ. ಜೆರಾಕ್ಸ್ ಅಕ್ಕನೂ ಹಿಂದೆ ಪಾತ್ರೆ ತಿಕ್ಕಿದವಳೇ. ಸೊಂಟ ಬಿದ್ದ ಮೇಲೆ ಕಂಪ್ಯೂಟರ್ ಕಲಿತು ಬಸ್ ನಿಲ್ದಾಣದ ಹಿಂದೆ ಅಂಗಡಿ ಹಾಕಿದ್ದಳು. ‘ಮನೆ ಹೇಗಿದೆ’ ಎಂಬ ಜಾಲತಾಣ ಅವಳದ್ದು. ಕೆಲಸದವರು ಬಂದು ಮನೆಗಳ ಬಗ್ಗೆ ಹೇಳುವರು, ಅವಳು ಟೈಪ್ ಮಾಡುವಳು. ಆರನೇ ಕಟ್ಟಡ, ಎರಡನೇ ಮಹಡಿ: ಅಜ್ಜಿ ಬಂಗಾರ, ಕಿವಿ ಮಾತ್ರ ಕೇಳಲ್ಲ, ಬಾಗಿಲು ಒಡೆಯೋ ಹಾಗೆ ಬಡೀರಿ. ಮೂರನೇ ಕಟ್ಟಡ, ಏಳನೇ ಮಹಡಿ: ಸಾಹೇಬರು ಮನೆಯಲ್ಲಿದ್ದಾಗ ಒಬ್ಬಳೇ ಹೋಗಬೇಡಿ. ಹೊಸದಾಗಿ ಕೆಲಸ ಹುಡುಕುವ ಹೆಂಗಸರು ಮೊದಲು ಅದನ್ನು ಯಾರ ಕೈಲಾದರೂ ಓದಿಸಿಕೊಂಡು ಆಮೇಲೆ ಮನೆ ಒಪ್ಪುತ್ತಿದ್ದರು.

ಬಾಯಕ್ಕ ಹೇಳಿದಳು, ಜೆರಾಕ್ಸ್ ಅಕ್ಕ ಟೈಪ್ ಬಡಿದಳು. ನಾಲ್ಕನೇ ಕಟ್ಟಡ, ಹನ್ನೊಂದನೇ ಮಹಡಿ, ಎಡಗಡೆ. ಬಿಸಿಲಲ್ಲಿ ಕೂಡಿಹಾಕ್ತಾರೆ. ನೀರು ಕೊಡಲ್ಲ. ಉಂಗುರ ಅವರ ಕೈಗವಸಲ್ಲೇ ಇತ್ತು. ಹೋಗಬೇಡಿ. ಬಾಯಕ್ಕ ಇನ್ನೂ ನಾಲ್ಕು ಮಾತು ಸೇರಿಸು ಅಂದಳು. ಅವು ಬರೆಯುವಂಥ ಮಾತುಗಳಲ್ಲ ಎಂದು ಜೆರಾಕ್ಸ್ ಅಕ್ಕ ಬಿಟ್ಟಳು.

ಹನ್ನೊಂದನೇ ಮಹಡಿಗೆ ಯಾರೂ ಹೋಗಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ಹನ್ನೊಂದರಮ್ಮ ಕಾಗದದ ತಟ್ಟೆಯಲ್ಲಿ ಊಟ ಮಾಡುತ್ತಿದ್ದಾರೆ ಎಂದು ಕಸದವಳು ಸುದ್ದಿ ತಂದಳು. ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆಮೇಲೆ ಜೆರಾಕ್ಸ್ ಅಕ್ಕನ ಅಂಗಡಿಗೆ ವಕೀಲರ ಕಾಗದ ಬಂತು. ಹನ್ನೊಂದರಮ್ಮನ ತಮ್ಮ ವಕೀಲ. ಜಾಲತಾಣ ಯಾರದೋ, ಅದರಲ್ಲಿ ಯಾರು ಏನೇ ಬರೆದರೂ ಹೊಣೆ ಅವರದೇ ಎಂದು ಹೊಸ ಕಾನೂನು ಇದೆಯಂತೆ. ಮೂರು ದಿನದೊಳಗೆ ಅಳಿಸಬೇಕು, ಬರೆಸಿದವಳ ಹೆಸರು ಕೊಡಬೇಕು. ಅಳಿಸದಿದ್ದರೆ ಕೇಸು, ಅಂಗಡಿಯ ಕಂಪ್ಯೂಟರ್ ಜಪ್ತಿ, ಜೈಲೂ ಆಗಬಹುದು. ಜೆರಾಕ್ಸ್ ಅಕ್ಕ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಹನ್ನೊಂದರಮ್ಮನೂ ಪಕ್ಕದಲ್ಲೇ ಇದ್ದರು. ಯಾರೋ ಹೇಳಿದ್ದಕ್ಕೆ ನಾನು ಹೇಗೆ ಸಾರ್ ಹೊಣೆ ಎಂದು ಕೇಳಿದಳು. ಜಾಲತಾಣ ಅಂದ್ರೆ ಬರೆಯೋ ಹಲಗೆ ಇದ್ದ ಹಾಗೆ, ಹಲಗೆ ನಿಮ್ಮದು ತಾನೇ, ನಿಮ್ಮ ಹಲಗೆಯ ಮೇಲೆ ಇರೋದಕ್ಕೆಲ್ಲ ನೀವೇ ಹೊಣೆ ಎಂದು ವಕೀಲ ಅಂದ. ಹೌದು, ಹಾಗೇ ಹೇಳು ಎಂದು ಹಿಂದಿನಿಂದ ಹನ್ನೊಂದರಮ್ಮನ ದನಿ ಕೇಳಿಸಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೇರೆ ಯಾರಾದರೂ ಹೆದರುತ್ತಿದ್ದರು. ಬಾಯಕ್ಕ ಮಾತ್ರ ಕಾಗದವನ್ನು ಎರಡು ಸಲ ಓದಿಸಿಕೊಂಡು ಹಿಗ್ಗಿಹೋದಳು.

“ಒಳ್ಳೇ ಕಾನೂನು ಕಣಕ್ಕ ಇದು. ಹಾಗಾದ್ರೆ ಗುಬ್ಬೀನ ಕಳ್ಳಿ ಅಂತ ಹಾಕಿದಾರಲ್ಲ, ಆ ಆ್ಯಪ್‌ನವರೂ ಹೊಣೆ ತಾನೇ? ಬರಿ, ಅವರಿಗೂ ಒಂದು ಬರಿ.”

ಬರೆದರು. ಆ್ಯಪ್‌ನ ದೂರಿನ ಫಾರ್ಮಿನಲ್ಲಿ ಹದಿನಾಲ್ಕು ಕಾಲಂ ಇತ್ತು. ಹೆಸರು, ವಿಳಾಸ, ಗುರುತಿನ ಚೀಟಿ ಎಲ್ಲ ತುಂಬಿದರು. ಹನ್ನೊಂದನೇ ಕಾಲಮ್ಮಿನಲ್ಲಿ ಮನೆ ನಂಬರು ಕೇಳಿತು. ಗುಬ್ಬಿಯ ಮನೆಗೆ ನಂಬರೇ ಇರಲಿಲ್ಲ. ಅದನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಬಾಯಕ್ಕ ಸೊನ್ನೆ ಹಾಕಿಸಿದಳು. ಎರಡು ನಿಮಿಷಕ್ಕೆ ಉತ್ತರ ಬಂತು. ದೂರು ಕೊಡುವುದು ನಿವಾಸಿಗಳಿಗೆ ಮಾತ್ರ. ಅಲ್ಲಿ ಬರೆದದ್ದು ಬಳಕೆದಾರರ ಸ್ವಂತ ಅಭಿಪ್ರಾಯ. ನಾವು ಬರೀ ವೇದಿಕೆ. ಧನ್ಯವಾದ. ಕೆಳಗೊಂದು ನಗುವ ಮುಖ.

“ಅವರು ವೇದಿಕೆ, ನಾವು ಕಳ್ಳಂಗಡೀನಾ?” ಬಾಯಕ್ಕ ಮೇಜು ಗುದ್ದಿದಳು. “ಕಾನೂನು ಎಲ್ಲರಿಗೂ ಒಂದೇ ಅಲ್ವಾ?”

“ಒಂದೇ ಕಣೇ. ಕಾಗದ ಬರೆಯೋಕೆ ವಕೀಲ ತಮ್ಮ ಇರಬೇಕು ಅಷ್ಟೇ,” ಅಂದಳು ಜೆರಾಕ್ಸ್ ಅಕ್ಕ.

ಮೂರನೇ ದಿನ ಜೆರಾಕ್ಸ್ ಅಕ್ಕ ಜಾಲತಾಣವನ್ನೇ ಮುಚ್ಚಿದಳು. ಒಂದು ಮನೆ ಅಳಿಸಿದರೆ ನಾಳೆ ಇನ್ನೊಂದು ಮನೆಯವರು ಕಾಗದ ಕಳಿಸುತ್ತಾರೆ, ಹುಳುಕು ಹೇಳದ ಹಲಗೆ ಯಾಕೆ ಬೇಕು ಅಂದಳು. ಹೆಸರು ಮಾತ್ರ ಕೊಡಲಿಲ್ಲ. ಬಾಯಕ್ಕ, ನನ್ನ ಹೆಸರು ಕೊಡು, ನೀನ್ಯಾಕೆ ಸಾಯ್ತೀಯ ಎಂದು ಗೋಗರೆದಳು. ಹೆಸರು ಕೊಟ್ಟರೆ ನಿನ್ನ ಆರೂ ಮನೆ ಹೋಗ್ತವೆ, ನಾನು ಇನ್ನು ಕಳ್ಕೊಳ್ಳೋದು ಏನಿದೆ ಎಂದು ಅವಳು ಶಟರ್ ಎಳೆದಳು. ಬಾಯಕ್ಕ ಆ ದಿನ ದಾರಿಯುದ್ದಕ್ಕೂ ಮಾತಾಡದೆ ಮನೆಗೆ ನಡೆದಳು. ಬೀದಿಯವರು ಇವಳಿಗೆ ಹುಷಾರಿಲ್ಲ ಅಂದುಕೊಂಡರು.

ನಾಲ್ಕು ದಿನ ಸಾಲಿನಲ್ಲಿ ನಗು ಇರಲಿಲ್ಲ. ಐದನೇ ದಿನ ಚೀಲ ಹಿಡಿದು ನಿಂತ ಬಾಯಕ್ಕ ಸುಮ್ಮನೆ ತಲೆಯೆತ್ತಿದಳು. ಹಿಂದಿನ ಗೇಟಿಗೆ ಕಾಣುವುದು ಕಟ್ಟಡಗಳ ಬೆನ್ನು. ಅಂದರೆ ಹಿಂದಿನ ಬಾಲ್ಕನಿಗಳು. ಒಂದೊಂದು ಬಾಲ್ಕನಿಯ ಕಂಬಿಯ ಮೇಲೂ ಒಂದೊಂದು ನೆಲ ಒರೆಸುವ ಬಟ್ಟೆ ಒಣಗುತ್ತಿತ್ತು. ಇಪ್ಪತ್ತು ವರ್ಷದಿಂದ ದಿನಾ ನೋಡಿದ್ದಳು. ಆ ಬಟ್ಟೆಗಳನ್ನು ಒಗೆಯುವವರು ಕೆಲಸದವರು, ಹಿಂಡುವವರು ಕೆಲಸದವರು, ಹರವುವವರು ಕೆಲಸದವರು. ಮನೆಯವರು ಮುಟ್ಟುವುದಿಲ್ಲ. ಸತ್ತರೂ ಮುಟ್ಟುವುದಿಲ್ಲ. ಬಾಯಕ್ಕ ಒಂದು ಸಲ ನಕ್ಕಳು. ಹಿಂದೆ ನಿಂತವಳು ಏನಾಯ್ತೇ ಎಂದು ಕೇಳಿದಳು. ಏನಿಲ್ಲ, ಹಲಗೆ ಸಿಕ್ತು ಅಂದಳು.

ಅವತ್ತೇ ಹೋಗಿ ಹನ್ನೊಂದರಮ್ಮನ ಬೆಲ್ ಒತ್ತಿದಳು. ಕೆಲಸದವರು ಬೇಕಂತೆ, ಎಂಟು ದಿನದ ಮಟ್ಟಿಗೆ ನಾನು ಮಾಡಿಕೊಡ್ತೀನಿ ಅಂದಳು. ಹನ್ನೊಂದರಮ್ಮ ಬಾಗಿಲಲ್ಲೇ ಪೊರಕೆ ಕೊಟ್ಟರು. ಎಲ್ಲಿಯವಳು, ಯಾರ ಕಡೆಯವಳು ಎಂದು ಕೇಳಲಿಲ್ಲ, ಹೆಸರೂ ಕೇಳಲಿಲ್ಲ. ಏಯ್ ಎಂಬುದರಲ್ಲೇ ಎಂಟು ದಿನ ನಡೆಯಿತು. ಬಾಯಕ್ಕ ಎರಡು ತಿಂಗಳ ಜಿಡ್ಡು ತಿಕ್ಕಿದಳು. ಕುರ್ಚಿಯ ಕೆಳಗೆಲ್ಲ ಮಂಡಿಯೂರಿ ಒರೆಸಿದಳು. ಗಾಜಿನ ಬಾಗಿಲು ಒರೆಸುವಾಗ ಎದೆಯ ಎತ್ತರಕ್ಕೆ ಬೆರಳಚ್ಚುಗಳು ಕಂಡವು, ಹೊರಗಡೆಯಿಂದ ಬಿದ್ದವು. ಗುಬ್ಬಿಯವೇ. ಬಾಯಕ್ಕ ಆ ಒಂದು ಜಾಗ ಬಿಟ್ಟು ಉಳಿದ ಗಾಜನ್ನೆಲ್ಲ ಒರೆಸಿದಳು.

ಎಂಟನೇ ದಿನ ನೆಲ ಒರೆಸಿ ಮುಗಿಸಿ, ಬಟ್ಟೆ ಹಿಂಡಿ, ಅದರ ನಡುವೆ ಒಂದು ಗಂಟು ಹಾಕಿದಳು. ಮೊಣಕಾಲಿನ ಕೆಳಗೆ ಒತ್ತಿ ಹಿಡಿದು ಎರಡೂ ಕೈಯಲ್ಲಿ ಬಿಗಿದಳು. ಆರು ಮನೆ ಬಟ್ಟೆ ಹಿಂಡುವ ಕೈ ಅದು. ಕಂಬಿಯ ಮೇಲೆ ಹರವಿ, ಬರ್ತೀನಿ ಅಮ್ಮ ಎಂದು ಹೇಳಿ ಇಳಿದು ಬಂದಳು.

ಮಾರನೇ ಬೆಳಗ್ಗೆ ಸಾಲಿನಲ್ಲಿ ಒಂದೇ ಮಾತು ಹೇಳಿದಳು. ಗಂಟು ಕಂಡರೆ ಆ ಮನೆ ಬೇಡ. ಬಾಯಿಂದ ಬಾಯಿಗೆ ಅದು ಮಧ್ಯಾಹ್ನದೊಳಗೆ ಹದಿನಾಲ್ಕು ಕಟ್ಟಡವನ್ನೂ ಸುತ್ತಿತು. ಯಾವ ಮನೆ, ಯಾರ ಮನೆ ಎಂದು ನೆನಪಿಡಬೇಕಾಗಿಲ್ಲ, ಓದಲು ಬರಬೇಕಾಗಿಲ್ಲ. ತಲೆಯೆತ್ತಿದರೆ ಸಾಕು. ಆ ವಾರವೇ ಮೂರನೇ ಕಟ್ಟಡದ ಏಳನೇ ಮಹಡಿಯಲ್ಲಿ ಒಂದು ಗಂಟು ಕಂಡಿತು. ಒಂಬತ್ತನೇ ಕಟ್ಟಡದಲ್ಲಿ ಎರಡು. ತಿಂಗಳಾಗುವುದರೊಳಗೆ ಹದಿಮೂರು. ಜೆರಾಕ್ಸ್ ಅಕ್ಕ ಒಂದು ಬೆಳಗ್ಗೆ ಬಂದು ರಸ್ತೆಯ ಆ ಬದಿ ನಿಂತು, ಸೊಂಟದ ಮೇಲೆ ಕೈಯಿಟ್ಟು ತುಂಬಾ ಹೊತ್ತು ನೋಡಿ ಹೋದಳು.

ಹನ್ನೊಂದರಮ್ಮನ ಮನೆಗೆ ಮತ್ತೆ ಯಾರೂ ಬರಲಿಲ್ಲ. ಏಜೆಂಟು ಮೂವರನ್ನು ಕರೆತಂದ. ಮೂವರೂ ಹಿಂದಿನ ಗೇಟಿನಲ್ಲಿ ತಲೆಯೆತ್ತಿ ನೋಡಿ, ತಲೆನೋವು ಎಂದು ವಾಪಸು ಹೋದರು. ಬಟ್ಟೆ ಒಣಗಿ ಸೌದೆಯಾಗಿತ್ತು, ಮುಟ್ಟುವವರಿರಲಿಲ್ಲ. ಕೊನೆಗೆ ಏಜೆಂಟೇ ವಿಷಯ ಹೇಳಿದನಂತೆ. ಹನ್ನೊಂದರಮ್ಮ ಬಾಲ್ಕನಿಗೆ ಹೋದರು. ಕೈ ಹಾಕಲು ಮನಸ್ಸು ಬರಲಿಲ್ಲ. ಒಳಗಿನಿಂದ ಮಾಪಿನ ಕೋಲು ತಂದು ಬಟ್ಟೆಯನ್ನು ಆಚೆಗೆ ನೂಕಿದರು.

ಬಟ್ಟೆ ಹನ್ನೊಂದು ಮಹಡಿ ಇಳಿದು ಬಂದು ಸೆಕ್ಯುರಿಟಿಯವನ ಮೇಜಿನ ಪಕ್ಕಕ್ಕೆ ಬಿತ್ತು.

ಅವನು ಎದ್ದ. ಮೇಲೆ ನೋಡಿ ಮಹಡಿ ಎಣಿಸಿದ. ಪುಸ್ತಕದಲ್ಲಿ ಬರೆದ. ನಾಲ್ಕನೇ ಕಟ್ಟಡ, ಹನ್ನೊಂದನೇ ಮಹಡಿ, ಎಡಗಡೆ ಎಂದು ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಬಟ್ಟೆಗೆ ಕಟ್ಟಿ, ಒಂಟಿ ಕಾಲುಚೀಲದ ಪಕ್ಕದ ಕೊಕ್ಕೆಗೆ ನೇತುಹಾಕಿದ. ಮಾರನೇ ಬೆಳಗ್ಗೆ ಸಾಲು ಅದನ್ನು ನೋಡಿತು. ಗಂಟಿನ ಪಕ್ಕದಲ್ಲೇ ವಿಳಾಸ! ಬಾಯಕ್ಕ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಅಣ್ಣಾ, ನಿನ್ನ ಕೈ ನಮಗೆ ಜೆರಾಕ್ಸ್ ಅಕ್ಕನ ಕೈಗಿಂತ ದೊಡ್ಡದು ಎಂದು ಸೆಕ್ಯುರಿಟಿಯವನಿಗೆ ಕೈ ಮುಗಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಹನ್ನೊಂದರಮ್ಮ ಫೋನು ಮಾಡಿ, ಅದನ್ನು ಬಿಸಾಡು ಎಂದು ಬೈದರು. ಮನೆಯವರೇ ಬಂದು ಸಹಿ ಹಾಕಬೇಕು ಮೇಡಂ, ರೂಲ್ಸ್ ಅಂದ.

ನಾಲ್ಕನೇ ದಿನ ಹನ್ನೊಂದರಮ್ಮ ಬಂದರು. ಆ ಗೇಟಿನ ಕಡೆಗೆ ಅವರು ಬಂದದ್ದು ಅದೇ ಮೊದಲು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸೆಕ್ಯುರಿಟಿಯವನ ಫೋನು ಕೈಕೊಟ್ಟು ಅವತ್ತು ತಡವಾಗಿತ್ತು, ಸಾಲು ಇನ್ನೂ ಅರ್ಧ ಉಳಿದಿತ್ತು. ಗುಬ್ಬಿಯೂ ಇದ್ದಳು. ಬಟ್ಟೆ ನೇತುಹಾಕಿದ ದಿನದಿಂದ ಬಾಯಕ್ಕ ಅವಳನ್ನು ದಿನಾ ಎಳೆದು ತರುತ್ತಿದ್ದಳು. ಫೋನು ಕೆಂಪಾದರೆ ಆಗಲಿ, ನಮ್ಮ ಜೊತೆ ನಿಲ್ಲು ಅನ್ನುತ್ತಿದ್ದಳು.

“ಯಾರು ಮಾಡಿದ್ದು ಇದನ್ನ?” ಹನ್ನೊಂದರಮ್ಮ ಸಾಲನ್ನು ಕೇಳಿದರು.

“ನಾನೇ ಅಮ್ಮ,” ಅಂದಳು ಬಾಯಕ್ಕ. “ಇವಳು ನನ್ನ ಅಕ್ಕನ ಮಗಳು. ಅವತ್ತು ಜೆರಾಕ್ಸ್ ಅಕ್ಕನ ಹತ್ತಿರ ಬರೆಸಿದ್ದೂ ನಾನೇ. ಬರೆದುಕೊಳ್ಳಿ ಹೆಸರು.”

 ಹೇಳಿಬಿಟ್ಟ ಮೇಲೆ ಆರು ಮನೆ ಅವಳ ಕಣ್ಣ ಮುಂದೆ ಬಂತು. ಹೋದರೆ ಹೋಗಲಿ ಅನಿಸಿತು.

ಹನ್ನೊಂದರಮ್ಮನ ದನಿ ಏರಿತು. ಇದು ಮಾನನಷ್ಟ, ಇಡೀ ಕಟ್ಟಡವೇ ನನ್ನನ್ನು ನೋಡಿ ನಗುತ್ತಿದೆ ಅಂದರು. “ಯಾರೋ ಬಂದು ನನ್ನ ಮನೆ ಕಂಬಿ ಮೇಲೆ ಏನೋ ಕಟ್ಟಿಹೋದ್ರೆ ಅದಕ್ಕೆ ನಾನು ಹೇಗೆ ಹೊಣೆ?”

“ಅದನ್ನೇ ಅಮ್ಮ ಜೆರಾಕ್ಸ್ ಅಕ್ಕ ನಿಮ್ಮನ್ನ ಕೇಳಿದ್ದು.”

ಸಾಲು ನಗಲಿಲ್ಲ. ಒಬ್ಬಳೂ ನಗಲಿಲ್ಲ.

“ಇವಳ ಮೇಲೆ ಬರೆದಿದ್ದು ಅಳಿಸಿ,” ಬಾಯಕ್ಕ ಮೆಲ್ಲಗೆ ಅಂದಳು. “ಉಂಗುರ ಸಿಕ್ತು, ತಪ್ಪು ನಂದು ಅಂತ ಬರೀರಿ. ಅಲ್ಲೀ ತನಕ ನಿಮ್ಮ ಮನೆಗೆ ಯಾರೂ ಬರಲ್ಲ.”

ಹನ್ನೊಂದರಮ್ಮ ಆಚೆ ಈಚೆ ನೋಡಿದರು. ಅವರ ಪರ ಮಾತಾಡುವವರು ಆ ಗೇಟಿನಲ್ಲಿ ಯಾರೂ ಇರಲಿಲ್ಲ. ಫೋನು ತೆಗೆದರು. ಅಳಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಮೂರು ತಿಂಗಳು ಒಂದು ಹುಡುಗಿಯನ್ನು ಮೂಲೆಯಲ್ಲಿ ಕೂರಿಸಿದ ಮಾತು, ಹೆಬ್ಬೆರಳಿನ ಎರಡು ಒತ್ತಿಗೆ ಹೋಯಿತು. ತಪ್ಪು ನಂದು ಎಂಬುದನ್ನು ಬರೆಯಲು ಮಾತ್ರ ತುಂಬಾ ಹೊತ್ತು ಬೇಕಾಯಿತು. ಬರೆದರು. ಬಾಯಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿದಳು. ಸೆಕ್ಯುರಿಟಿಯವನು ಗುಬ್ಬಿಯ ಮುಖಕ್ಕೆ ಫೋನು ಹಿಡಿದ. ಹಸಿರು.

ಗುಬ್ಬಿ ಆ ಹಸಿರನ್ನು ಸುಮ್ಮನೆ ನೋಡುತ್ತ ನಿಂತಳು. ಹೋಗಮ್ಮ ಎಂದು ಅವನೇ ಎರಡು ಸಲ ಹೇಳಬೇಕಾಯಿತು.

ಹನ್ನೊಂದರಮ್ಮ ಪುಸ್ತಕದಲ್ಲಿ ಸಹಿ ಹಾಕಿದರು. ಕೊಕ್ಕೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಬಾಯಕ್ಕನ ಮುಂದೆ ಹಿಡಿದರು. “ತಗೋ. ಬಿಚ್ಚು.”

“ನಾನು ಬಿಚ್ಚಲ್ಲ.”

“ನೀನೇ ಹಾಕಿದ್ದಲ್ವಾ?”

“ಹಾಕಿದ್ದು ನಾನು. ಬಟ್ಟೆ ನಿಮ್ಮದು, ಹೊಣೆ ನಿಮ್ಮದು. ನಿಮ್ಮ ಕೈಯಿಂದಾನೇ ಬಿಚ್ಚಿ, ಇವರೆಲ್ಲ ನೋಡಲಿ. ಬಿಸಾಡಿದ್ರೂ ಪ್ರಯೋಜನ ಇಲ್ಲ ಅಮ್ಮ. ಬಟ್ಟೇನೇ ಇಲ್ಲದ ಕಂಬಿ ಕಂಡ್ರೆ, ಈ ಮನೇಲಿ ಯಾರೂ ನಿಲ್ಲಲ್ಲ ಅಂತ ಕುರುಡಿಗೂ ಗೊತ್ತಾಗುತ್ತೆ.”

ಹನ್ನೊಂದರಮ್ಮ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದರು. ಗಂಟು ಒಣಗಿ ಕಲ್ಲಾಗಿತ್ತು. ಉಗುರು ತೂರಿಸಿದರು. ಉಗುರು ಮುರಿಯಿತು. ತಿರುಗಿಸಿ ಇನ್ನೊಂದು ಕಡೆಯಿಂದ ಎಳೆದರು. ಬಟ್ಟೆಯ ಧೂಳು ಸೀರೆಯ ಮೇಲೆ ಉದುರಿತು. ಯಾರೂ ಮುಂದೆ ಬರಲಿಲ್ಲ. ಸಾಲು ಅವರನ್ನು ದಾಟಿ ಒಬ್ಬೊಬ್ಬರಾಗಿ ಒಳಗೆ ಹೋಗತೊಡಗಿತು. ಕೆಲಸಕ್ಕೆ ಹೊತ್ತಾಗುತ್ತಿತ್ತು. ಗೇಟಿನ ಹತ್ತಿರ ಒಂದು ಗೇಣು ನೆರಳೂ ಇರಲಿಲ್ಲ. ಹನ್ನೊಂದರಮ್ಮನ ಹಣೆಯಿಂದ ಬೆವರಿಳಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು.

ಒಳಗೆ ಹೋಗಿದ್ದ ಗುಬ್ಬಿ ನಾಲ್ಕು ಹೆಜ್ಜೆ ನಡೆದು ವಾಪಸು ಬಂದಳು. ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದು ಸೆಕ್ಯುರಿಟಿಯವನ ಮೇಜಿನ ಮೇಲೆ, ಹನ್ನೊಂದರಮ್ಮನ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಇಟ್ಟಳು.

“ನೀರು ಕುಡೀರಿ ಅಮ್ಮ,” ಅಂದಳು. “ನಿಧಾನಕ್ಕೆ ಬಿಚ್ಚಿ. ಅವತ್ತು ನಾನು ಒಂಬತ್ತರಿಂದ ಒಂದರ ತನಕ ನಿಂತಿದ್ದೆ.”

ಹಾಗೆಂದು ಚಿಕ್ಕಮ್ಮನ ಹಿಂದೆ ಕೆಲಸಕ್ಕೆ ಹೋದಳು.